ಹಿತ್ತಾಳೆ ಹಾರ್ನೋ, ಸೂಟ್‌ಕೇಸ್ ಪೆಟ್ಟಿಗೆಯೋ? ಆನ್‌ಲೈನ್ ಹರಾಜಿನಲ್ಲಿ ಹಳೇ ಗ್ರಾಮಾಫೋನ್ ಕೊಳ್ಳುವ ಮುಂಚೆ

ಪಾರ್ಸಲ್ ಬಿಚ್ಚುವಾಗ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಹೂವಿನಂತೆ ಅರಳಿದ ಹಿತ್ತಾಳೆ ಹಾರ್ನು, ಎಂಟು ಮೂಲೆಯ ಮರದ ಪೆಟ್ಟಿಗೆ, ಅದರ ಮುಂದೆ ನಾಯಿ ಚಿತ್ರದ ದೊಡ್ಡ ಬಿಲ್ಲೆ. ಹರಾಜಿನ ಪುಟದಲ್ಲಿ '1905ರ ಎಚ್‌ಎಂವಿ, ಮೈಸೂರು ಅರಮನೆಯ ಕಡೆಯಿಂದ ಬಂದದ್ದು' ಎಂದು ಬರೆದಿತ್ತು. ಎಚ್‌ಎಂವಿ ಅಂದರೆ 'ಹಿಸ್ ಮಾಸ್ಟರ್ಸ್ ವಾಯ್ಸ್', ಆ ನಾಯಿ ಚಿತ್ರದ ಹೆಸರು. ಹ್ಯಾಂಡಲ್ ತಿರುಗಿಸಿ ಕೀ ಕೊಟ್ಟು ಒಂದು ಹಾಡಿನ ತಟ್ಟೆ ಹಾಕಿದೆ. ದನಿ ಬಂತು, ಆದರೆ ತಗಡಿನ ಡಬ್ಬಿಯೊಳಗೆ ಯಾರೋ ಕೂತು ಹಾಡಿದ ಹಾಗಿತ್ತು.

ವಾರ ಕಳೆದ ಮೇಲೆ ಮೇಲ್ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿ ನೋಡಿದೆ. ಹಲಗೆಯ ಅಡಿಭಾಗ ಹೊಸ ಬಿಳಿ ಮರ. ಅದರ ಮೇಲೆ ಕಪ್ಪು ಬಣ್ಣ ಬಳಿದಿದ್ದರು, ಬ್ರಷ್ಷಿನ ಕೂದಲು ಎರಡು ಅಲ್ಲೇ ಅಂಟಿಕೊಂಡಿದ್ದವು. ಮೋಟಾರಿನ ಗ್ರೀಸಿನಲ್ಲಿ ಮರದ ಹೊಟ್ಟು ಸೇರಿತ್ತು. ಮೋಟಾರಿನ ಚೌಕಟ್ಟಿನಲ್ಲಿ ಮೂರು ತೂತು ಖಾಲಿ ಇದ್ದವು, ಪಕ್ಕದಲ್ಲೇ ಹೊಸದಾಗಿ ಬೇರೆ ಮೂರು ತೂತು ಕೊರೆದಿದ್ದರು. ಆ ಮೋಟಾರು ಮಾತ್ರ ನಿಜವಾಗಿಯೂ ಹಳೆಯದು. ಯಾವುದೋ ಸೂಟ್‌ಕೇಸ್ ಮಾದರಿಯ ಪೋರ್ಟಬಲ್ ಗ್ರಾಮಾಫೋನಿನ ಹೊಟ್ಟೆಯಿಂದ ಕಿತ್ತು ತಂದದ್ದು.

ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಇದಕ್ಕೇ. ನಕಲಿ ಹಾರ್ನ್ ಗ್ರಾಮಾಫೋನಿನ ಹಿಂದೆ ಅನೇಕ ಸಲ ಒಂದು ಅಸಲಿ ಯಂತ್ರದ ಸಾವು ಇರುತ್ತದೆ. ಚೆನ್ನಾಗಿ ಹಾಡುತ್ತಿದ್ದ ಕಪ್ಪು ಪೆಟ್ಟಿಗೆಯನ್ನು ಒಡೆದು, ಅದರ ಮೋಟಾರು, ಮುಳ್ಳಿನ ಕಂಪನವನ್ನು ದನಿಯಾಗಿಸುವ ಸೌಂಡ್ ಬಾಕ್ಸ್, ಅದನ್ನು ಹಿಡಿದಿರುವ ತೋಳು ತೆಗೆದು, ಹೊಳೆಯುವ ಹಾರ್ನಿನ ಕೆಳಗೆ ಕೂರಿಸುತ್ತಾರೆ. ಹಾರ್ನಿಗೆ ಬೇಡಿಕೆ ಇರುವವರೆಗೂ ಪೆಟ್ಟಿಗೆಗಳಿಗೆ ಉಳಿಗಾಲವಿಲ್ಲ. ಅದಕ್ಕೇ ಈ ಹೋಲಿಕೆ. ಹರಾಜಿನಲ್ಲಿ ಸಿಗುವ ಬಗೆಗಳು ಯಾವುವು, ಯಾವುದರಲ್ಲಿ ಮೋಸ ಎಲ್ಲಿರುತ್ತದೆ, ಯಾರು ಯಾವುದನ್ನು ಕೊಳ್ಳಬಹುದು ಎಂದು ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಹರಾಜಿನಲ್ಲಿ ಏನೇನು ಸಿಗುತ್ತದೆ

ಮುಖ್ಯವಾಗಿ ನಾಲ್ಕು ಬಗೆ. ಒಂದು, ಹೊರಗೆ ಹಾರ್ನ್ ಇರುವ ಯಂತ್ರ. ಎರಡು, ಹಾರ್ನ್ ಒಳಗೇ ಅಡಗಿರುವ ಮೇಜಿನ ಮೇಲಿಡುವ ಪೆಟ್ಟಿಗೆ ಅಥವಾ ನಿಲ್ಲಿಸುವ ಬೀರು. ಮೂರು, ಸೂಟ್‌ಕೇಸಿನಂಥ ಪೋರ್ಟಬಲ್. ನಾಲ್ಕು, 'ಇದು ಹೊಸದು, ಅಲಂಕಾರಕ್ಕೆ' ಎಂದು ಹೇಳಿಯೇ ಮಾರುವ ಪ್ರತಿಕೃತಿ. ಈ ನಾಲ್ಕನೆಯದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ನಾಲ್ಕನೆಯದನ್ನೇ ಒಂದನೆಯದು ಎಂದು ಮಾರುವವರ ಮೇಲೆ.

ಹಾರ್ನ್ ಯಂತ್ರ: ಅಸಲಿ ಹೇಗಿರುತ್ತದೆ, ನಕಲಿ ಹೇಗಿರುತ್ತದೆ

ಗ್ರಾಮಾಫೋನ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹಿತ್ತಾಳೆ ಹಾರ್ನು, ಅಲ್ವಾ? ಇದಕ್ಕೆ ಕಾರಣ ಆ ನಾಯಿಯ ಚಿತ್ರ. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಕಲಾವಿದ ನಿಪ್ಪರ್ ಎಂಬ ನಾಯಿಯನ್ನು ಮೊದಲು ಬರೆದದ್ದು ತಟ್ಟೆಯ ಬದಲು ಉರುಳೆಯಿಂದ ಹಾಡುವ ಎಡಿಸನ್ ಬಗೆಯ ಸಿಲಿಂಡರ್ ಫೋನೋಗ್ರಾಫಿನ ಮುಂದೆ, ಕಪ್ಪು ಹಾರ್ನಿನ ಜೊತೆ. ಚಿತ್ರಕ್ಕೆ ಕಳೆ ಬರಲಿ ಎಂದು ಲಂಡನ್ನಿನ ಗ್ರಾಮಾಫೋನ್ ಕಂಪನಿಗೆ ಹೋಗಿ ಹಿತ್ತಾಳೆ ಹಾರ್ನು ಎರವಲು ಕೇಳಿದ. ನಮ್ಮ ಯಂತ್ರವನ್ನೇ ಬರೆದುಕೊಟ್ಟರೆ ಚಿತ್ರ ಕೊಳ್ಳುತ್ತೇವೆ ಎಂದರು. 1899ರಲ್ಲಿ ಹಳೆಯದರ ಮೇಲೆ ಹೊಸ ಯಂತ್ರ ಬರೆದು ಕೊಟ್ಟ.

ಈಗ ಆ ಚಿತ್ರವನ್ನು ಹತ್ತಿರದಿಂದ ನೋಡಿ. ನಾಯಿಯ ಮುಂದಿರುವ ಹಾರ್ನು ಚಿಕ್ಕದು, ನುಣುಪು. ಅದಕ್ಕೆ ಹೂವಿನ ಎಸಳಿಲ್ಲ. ಪೆಟ್ಟಿಗೆ ಚೌಕ ಮತ್ತು ಸಾದಾ. ನಕಲಿ ಮಾಡುವವರು ಅದೇ ಚಿತ್ರದ ಬಿಲ್ಲೆಯನ್ನು ಎಂಟು ಮೂಲೆಯ ಪೆಟ್ಟಿಗೆಗೆ ಹೊಡೆದು, ಮೇಲೆ ಎಸಳೆಸಳಾದ ದೊಡ್ಡ ಹಾರ್ನು ಇಟ್ಟಿರುತ್ತಾರೆ. ಬಿಲ್ಲೆಯಲ್ಲಿರುವ ಯಂತ್ರಕ್ಕೂ ಅದನ್ನು ಅಂಟಿಸಿಕೊಂಡ ಯಂತ್ರಕ್ಕೂ ಯಾವ ಹೋಲಿಕೆಯೂ ಇರುವುದಿಲ್ಲ.

ಎಸಳಿನ ಹಾರ್ನು ಆ ಕಾಲದಲ್ಲಿ ಇರಲೇ ಇಲ್ಲ ಎಂದಲ್ಲ. ಧಾರಾಳವಾಗಿ ಇತ್ತು. ಆದರೆ ಅವು ಹೆಚ್ಚಾಗಿ ಉಕ್ಕಿನ ತಗಡಿನವು. ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿ, ಕೆಲವಕ್ಕೆ ಒಳಗೆ ಹೂಬಳ್ಳಿ ಬರೆದಿರುತ್ತಿದ್ದರು. ಓಕ್, ಮಹಾಗನಿ ಮರದ ಹಾರ್ನುಗಳೂ ಇದ್ದವು. 1930ರ ದಶಕದಲ್ಲಿ ಇಂಗ್ಲೆಂಡಿನ ಇ.ಎಂ.ಜಿ. ಎಂಬ ಸಣ್ಣ ಕಂಪನಿ ಕಾಗದ ಮತ್ತು ಅಂಟಿನಿಂದಲೇ ಭಾರೀ ಹಾರ್ನು ಮಾಡುತ್ತಿತ್ತು. ಪೂರ್ತಿ ಹಿತ್ತಾಳೆಯ ಹಾರ್ನೂ ಉಂಟು, ಆದರೆ ಈಗ ಹರಾಜಿನಲ್ಲಿ ಕಾಣುವಷ್ಟು ರಾಶಿ ರಾಶಿಯಾಗಿ ಅಲ್ಲ. ನಮ್ಮ ದೇಶದಲ್ಲಿ ಹಿತ್ತಾಳೆ ಕೆಲಸ ಚೆನ್ನಾಗಿ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಕಲಿ ಹಾರ್ನ್ ಯಂತ್ರಗಳ ಬಹುಪಾಲು ಭಾರತದಲ್ಲೇ ತಯಾರಾಗಿ ಜಗತ್ತಿಗೆಲ್ಲ ಹೋಗುತ್ತವೆ ಎಂಬುದು ಹೊರದೇಶದ ಸಂಗ್ರಾಹಕರಿಗೆಲ್ಲ ಗೊತ್ತಿರುವ ವಿಷಯ.

ಹಾಗಾಗಿ ಕೇಳಬೇಕಾದ ಮೊದಲ ಫೋಟೋ ಹಾರ್ನಿನ ಹಿಂಭಾಗದ್ದು. ಅಸಲಿ ಹಾರ್ನಿನಲ್ಲಿ ಎಸಳು ಎಸಳು ಸೇರುವ ಜಾಗ ನೇರವಾಗಿ, ಒಂದೇ ಸಮ ಇರುತ್ತದೆ. ನಕಲಿಯಲ್ಲಿ ಬೆಸುಗೆ ಉಂಡೆ ಉಂಡೆಯಾಗಿ ನಿಂತಿರುತ್ತದೆ, ಎಸಳಿನ ಅಗಲ ಒಂದಕ್ಕೊಂದು ಹೊಂದುವುದಿಲ್ಲ. ಒಳಮುಖ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನಂತೆ ಫಳಫಳ ಹೊಳೆಯುತ್ತಿದ್ದು, ಸಂದಿಗಳಲ್ಲಿ ಮಾತ್ರ ಹಸಿರು ಕಿಲುಬು ಕೂತಿದ್ದರೆ ಅನುಮಾನ ಪಡಿ. ಕಿಲುಬನ್ನು ರಾಸಾಯನಿಕ ಹಾಕಿ ಬೇಗನೆ ಬರಿಸಬಹುದು. ಬಣ್ಣ ಹಚ್ಚಿದ ಹಾರ್ನು ಕೈಗೆ ಸಿಕ್ಕರೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು. ಅದೊಂದೇ ಅಸಲಿತನಕ್ಕೆ ಸಾಕ್ಷಿಯಲ್ಲ, ಆದರೆ ಒಳ್ಳೆಯ ಶುರು.

ಹಾರ್ನಿಗಿಂತ ಜಾಸ್ತಿ ಸತ್ಯ ಹೇಳುವುದು ಅದರ ಕುತ್ತಿಗೆ. ಹಾರ್ನು ಬಂದು ಕೂರುವ ಬಾಗಿದ ಕೊಳವೆ, ಅದನ್ನು ಪೆಟ್ಟಿಗೆಯ ಹಿಂಬದಿಗೆ ಹಿಡಿದಿಡುವ ಕೈ, ಇವೆರಡನ್ನು ಸರಿಯಾಗಿ ಎರಕ ಹೊಯ್ಯುವುದಕ್ಕೆ ಖರ್ಚು ಬರುತ್ತದೆ. ನಕಲಿ ಮಾಡುವವರು ಇಲ್ಲೇ ಕೈ ಬಿಗಿ ಹಿಡಿಯುತ್ತಾರೆ. ಅಸಲಿ ಕೈ ತೆಳುವಾಗಿ, ನಿಖರವಾಗಿ, ಅನೇಕ ಸಲ ಸಣ್ಣ ಬಳ್ಳಿ ಕೆತ್ತನೆಯೊಂದಿಗೆ ಇರುತ್ತದೆ. ನಕಲಿಯದು ದಪ್ಪ, ಒರಟು. ನಲ್ಲಿ ಕೆಲಸದ ಪೈಪು ಬಗ್ಗಿಸಿ ಬೆಸೆದ ಹಾಗೆ ಕಾಣುತ್ತದೆ.

ತೋಳನ್ನೂ ನೋಡಿ. ಸೌಂಡ್ ಬಾಕ್ಸಿನ ಕಡೆ ಸಣ್ಣಗಿದ್ದು ಹಾರ್ನಿನ ಕಡೆ ಅಗಲವಾಗುತ್ತಾ ಹೋಗುವ ತೋಳು 1903ರ ಸುಮಾರಿಗೆ ಬಂತು. ಅದಕ್ಕಿಂತ ಹಿಂದಿನ ಯಂತ್ರದಲ್ಲಿ ಸೌಂಡ್ ಬಾಕ್ಸು ನೇರವಾಗಿ ಹಾರ್ನಿನ ತುದಿಗೇ ಕೂರುತ್ತಿತ್ತು. '1900ರ ಯಂತ್ರ' ಎಂದು ಬರೆದು, ಫೋಟೋದಲ್ಲಿ ಹಾವಿನ ಹೆಡೆಯಂತೆ ಬಾಗಿದ ಪೋರ್ಟಬಲ್ ತೋಳು ಇದ್ದರೆ ಅದು 1930ರ ಪೆಟ್ಟಿಗೆಯೊಂದರಿಂದ ಬಂದಿದೆ ಎಂದೇ ಲೆಕ್ಕ.

ಪೆಟ್ಟಿಗೆ, ಸ್ಕ್ರೂ, ಬಿಲ್ಲೆ

ಅಸಲಿ ಹಾರ್ನ್ ಯಂತ್ರದ ಪೆಟ್ಟಿಗೆ ಸಾಮಾನ್ಯವಾಗಿ ಚೌಕ. ಓಕ್ ಅಥವಾ ಮಹಾಗನಿ. ಮೂಲೆ ಜೋಡಣೆ ನೋಡಿದರೇ ಬಡಗಿಯ ಕೈಚಳಕ ಗೊತ್ತಾಗುತ್ತದೆ. ಎಂಟು ಮೂಲೆ, ಆರು ಮೂಲೆ, ದುಂಡು ಪೆಟ್ಟಿಗೆ, ಅದರ ಮೇಲೆ ಹಿತ್ತಾಳೆ ಪಟ್ಟಿ, ಸುತ್ತ ಮಂಟಪದಂಥ ಕಂಬ, ಇವೆಲ್ಲ ಬಂತೆಂದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಹ್ಯಾಂಡಲ್ ಹೋಗುವ ತೂತನ್ನು ಗಮನಿಸಿ. ಅಸಲಿಯಲ್ಲಿ ಅಲ್ಲೊಂದು ಲೋಹದ ಬಳೆ ಇರುತ್ತದೆ. ನಕಲಿಯಲ್ಲಿ ಅನೇಕ ಸಲ ಬರೀ ಮರ ಕೊರೆದ ತೂತು, ಹ್ಯಾಂಡಲ್ ಉಜ್ಜಿ ಉಜ್ಜಿ ಸುತ್ತ ಮರ ಸವೆದಿರುತ್ತದೆ.

ಪ್ಲಸ್ ಗುರುತಿನ ಸ್ಕ್ರೂ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚಿನ ಯಂತ್ರದಲ್ಲಿ ಒಂದೇ ಗೀಟಿನ ಸ್ಕ್ರೂ ಇರಬೇಕು. ರಿಪೇರಿಯಾದ ಅಸಲಿ ಯಂತ್ರದಲ್ಲಿ ಒಂದೋ ಎರಡೋ ಹೊಸ ಸ್ಕ್ರೂ ಇದ್ದರೆ ಪರವಾಗಿಲ್ಲ. ಎಲ್ಲವೂ ಪ್ಲಸ್ ಆಗಿದ್ದರೆ ಆ ಪೆಟ್ಟಿಗೆ ಹುಟ್ಟಿದ್ದೇ ಇತ್ತೀಚೆಗೆ.

ಇನ್ನು ಇಸವಿ. ಇದು ಫೋಟೋ ಕೂಡ ಬೇಡದ ಪರೀಕ್ಷೆ. ಇಂಗ್ಲೆಂಡಿನ ಗ್ರಾಮಾಫೋನ್ ಕಂಪನಿಯ ತಟ್ಟೆಗಳ ಮೇಲೆ ಮೊದಲು ಇದ್ದದ್ದು ರೆಕ್ಕೆಯ ದೇವದೂತನ ಗುರುತು. ನಾಯಿ ಚಿತ್ರ ಅಲ್ಲಿನ ಲೇಬಲ್ಲಿಗೆ ಬಂದದ್ದು 1909ರಲ್ಲಿ. ಹಾಗಾಗಿ '1905ರ ಎಚ್‌ಎಂವಿ' ಎಂದು ಓದಿದಾಗಲೇ ನಾನು ನಿಲ್ಲಬೇಕಿತ್ತು. ಆ ಗ್ರಾಮಾಫೋನ್ ಕಂಪನಿ ಇನ್ನೊಂದರ ಜೊತೆ ಸೇರಿ ಇಎಂಐ ಕಂಪನಿ ಹುಟ್ಟಿದ್ದು 1931ರಲ್ಲಿ. ಅದೇ ನಾಯಿ ಗುರುತು ಬಳಸುತ್ತಿದ್ದ ಅಮೆರಿಕದ ವಿಕ್ಟರ್ ಕಂಪನಿಯನ್ನು ರೇಡಿಯೋ ಕಂಪನಿಯಾದ ಆರ್‌ಸಿಎ ಕೊಂಡದ್ದು 1929ರಲ್ಲಿ. ಬಿಲ್ಲೆಯ ಮೇಲೆ 'ಇಎಂಐ' ಅಥವಾ 'ಆರ್‌ಸಿಎ' ಎಂದಿದ್ದು ವಿವರಣೆಯಲ್ಲಿ 1910 ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು.

ಅರಮನೆಯ ಕತೆಗೂ ಒಂದು ಮಾತು. ಭಾರತದಲ್ಲಿ ಗ್ರಾಮಾಫೋನ್ ಕಂಪನಿಗಾಗಿ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತದಲ್ಲಿ ಹಾಡು ಮುದ್ರಿಸಿಕೊಂಡ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಅವರೇ ಹೇಳುವುದು ಈಗಲೂ ಕೇಳುತ್ತದೆ. ಆ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಗಾಗಿ ಮೈಸೂರು, ಅರಮನೆ, ಗ್ರಾಮಾಫೋನು ಎಂಬ ಮೂರು ಮಾತು ಒಟ್ಟಿಗೆ ಬಂದರೆ ನಮ್ಮ ಮನಸ್ಸು ಕರಗುತ್ತದೆ. ನನ್ನದೂ ಕರಗಿತು. ಕತೆಗೆ ಕಾಗದದ ಪುರಾವೆ ಕೇಳಿ. ರಶೀದಿ, ಹಳೇ ಫೋಟೋ, ಏನಾದರೂ. ಕೊಡದಿದ್ದರೆ ಕತೆಗೆ ಒಂದು ರೂಪಾಯಿಯನ್ನೂ ಸೇರಿಸಬೇಡಿ.

ಸೂಟ್‌ಕೇಸ್ ಪೋರ್ಟಬಲ್: ನನ್ನ ಆಯ್ಕೆ ಇದೇ

ನೋಡಲು ಸಾದಾ. ಕಪ್ಪು ರೆಕ್ಸಿನ್ ಹೊದಿಸಿದ ಪೆಟ್ಟಿಗೆ, ಮೇಲೊಂದು ಹಿಡಿ. ಹಾರ್ನು ಒಳಗೇ ಮಡಿಚಿಕೊಂಡಿರುತ್ತದೆ. ಹರಾಜಿನಲ್ಲಿ ಇದರ ಫೋಟೋ ಬಂದರೆ ಅನೇಕರು ದಾಟಿ ಹೋಗುತ್ತಾರೆ. ಆದರೆ ದನಿ ಕೇಳಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎಚ್‌ಎಂವಿಯ 101 ಮತ್ತು 102 ಹೆಸರುವಾಸಿ. 101 ಬಂದದ್ದು 1925ರಲ್ಲಿ. 1931ರಲ್ಲಿ ಅದರ ಜಾಗಕ್ಕೆ 102 ಬಂತು, 1950ರ ದಶಕದಲ್ಲೂ ತಯಾರಾಗುತ್ತಿತ್ತು. ಇವೆರಡರಲ್ಲಿ ಯಾವುದು? 101ರಲ್ಲಿ ಇರುವುದು ನಂಬರ್ 4 ಸೌಂಡ್ ಬಾಕ್ಸ್. ಅದರ ಪೊರೆ ಕಾಗೆಬಂಗಾರದ್ದು, ಬೆಳಕಿಗೆ ಹಿಡಿದರೆ ಮಸುಕು ಗಾಜಿನಂತೆ ಕಾಣುತ್ತದೆ. ಹಳೇ ಕಾಲದ ಹಾಡುಗಾರರ ದನಿಗೆ ಅದು ಮೆದು, ಹಿತ. 102ರಲ್ಲಿ ಹೆಚ್ಚಾಗಿ 5ಎ ಅಥವಾ 5ಬಿ. ಇವುಗಳ ಪೊರೆ ಅಲ್ಯೂಮಿನಿಯಮ್ಮಿನದು. ಗಟ್ಟಿ ದನಿ, ಸ್ಪಷ್ಟ ಮಾತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ನಾಟಕದ ತಟ್ಟೆಗಳಲ್ಲಿ ಪಿಟೀಲು, ಹಾರ್ಮೋನಿಯಂ, ಮಾತು ಎಲ್ಲ ಒಟ್ಟಿಗೆ ಬರುತ್ತವಲ್ಲ, ಅಲ್ಲಿ 102 ಗೆಲ್ಲುತ್ತದೆ. ನನಗೆ ಒಂದನ್ನೇ ಇಟ್ಟುಕೊಳ್ಳಿ ಎಂದರೆ 102 ಇಟ್ಟುಕೊಳ್ಳುತ್ತೇನೆ.

ಇದರಲ್ಲಿ ಮೋಸ ಇಲ್ಲವೇ? ಇದೆ, ಆದರೆ ಸ್ವರೂಪ ಬೇರೆ. ಇಡೀ ಪೋರ್ಟಬಲ್ಲನ್ನು ಹೊಸದಾಗಿ ಮಾಡಿ ಮಾರುವುದರಲ್ಲಿ ಲಾಭ ಕಡಿಮೆ. ಭಾಗ ಬದಲಿಸಿರುತ್ತಾರೆ. ಅಸಲಿ ಸೌಂಡ್ ಬಾಕ್ಸ್ ಬೇರೆ ಕಡೆ ಮಾರಿ, ಹೊಸದಾಗಿ ಮಾಡಿದ ಹಗುರ ಹಿತ್ತಾಳೆಯದೊಂದನ್ನು ಸಿಕ್ಕಿಸಿರುತ್ತಾರೆ. ಅದರ ಮೇಲಿನ ಅಕ್ಷರ ಉಬ್ಬುತಗ್ಗಾಗಿರುತ್ತದೆ, ಅಂಚು ಒರಟು. ರೆಕ್ಸಿನ್ ಕೂಡ ಹೊಸದಾಗಿ ಅಂಟಿಸಿರಬಹುದು. ಇದು ದೊಡ್ಡ ತಪ್ಪೇನಲ್ಲ, ಆದರೆ ಹೇಳಿ ಮಾರಬೇಕು.

ಪೋರ್ಟಬಲ್ಲಿನಲ್ಲಿ ನಿಜವಾದ ತೊಂದರೆ ವಯಸ್ಸಿನದು. ಸೌಂಡ್ ಬಾಕ್ಸಿನ ರಬ್ಬರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಆಗ ದನಿ ಒಡಕು. ರಬ್ಬರು ಬದಲಿಸಿದರೆ ಸರಿಹೋಗುತ್ತದೆ. ಆ ಕಾಲದ ಕೆಲವು ಸತುವಿನ ಎರಕದ ಭಾಗಗಳು ವರ್ಷ ಕಳೆದಂತೆ ಉಬ್ಬಿ ಬಿರುಕು ಬಿಡುತ್ತವೆ. ಇದಕ್ಕೆ ಮದ್ದಿಲ್ಲ, ಭಾಗವನ್ನೇ ಬದಲಿಸಬೇಕು. ಕೀ ಕೊಡುವಾಗ 'ಟಕ್ಕ್' ಎಂದು ಎಗರಿದರೆ ಸ್ಪ್ರಿಂಗಿನ ಗ್ರೀಸು ಒಣಗಿದೆ. ಕೊಟ್ಟಷ್ಟೂ ತಿರುಗುತ್ತಲೇ ಇದ್ದು ಬಿಗಿಯೇ ಬರದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು.

ಮೇಜಿನ ಪೆಟ್ಟಿಗೆ ಮತ್ತು ಬೀರು ಮಾದರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಹಾರ್ನಿನ ವಿಕ್ಟ್ರೋಲಾ ಅಮೆರಿಕದಲ್ಲಿ 1906ರಲ್ಲೇ ಬಂತು, ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ನಕಲಿ ಕಾಟ ಇಲ್ಲಿ ಕಡಿಮೆ. ಸಾಗಿಸುವ ಖರ್ಚು ಜಾಸ್ತಿ, ಗೆದ್ದಲು ಹಿಡಿದಿದೆಯೇ ಎಂದು ಅಡಿಭಾಗ ನೋಡಬೇಕು. ಜಾಗ ಇರುವ ಮನೆಗೆ ಒಳ್ಳೆಯದು.

ಬಿಡ್ ಹಾಕುವ ಮುಂಚೆ

ಮಾರುವವರಿಗೆ ಮೆಸೇಜ್ ಮಾಡಿ ನಾಲ್ಕು ಫೋಟೋ ಕೇಳಿ: ಮೇಲ್ಹಲಗೆ ಎತ್ತಿದಾಗ ಕಾಣುವ ಮೋಟಾರು, ಪೆಟ್ಟಿಗೆಯ ಅಡಿಭಾಗ, ಬಿಚ್ಚಿ ತೆಗೆದ ಸೌಂಡ್ ಬಾಕ್ಸಿನ ಹಿಂದುಮುಂದು, ಹಾರ್ನು ಇದ್ದರೆ ಅದರ ಕುತ್ತಿಗೆ. ಅಸಲಿ ಮಾಲು ಇರುವವರು ಇದನ್ನು ಖುಷಿಯಿಂದ ಕಳಿಸುತ್ತಾರೆ, ಕೇಳದ್ದನ್ನೂ ಹೇಳುತ್ತಾರೆ. 'ಬಿಚ್ಚಿದರೆ ಹಾಳಾಗುತ್ತದೆ' ಎನ್ನುವವರನ್ನು ಬಿಟ್ಟುಬಿಡಿ. ನಾಲ್ಕು ಸ್ಕ್ರೂ ಬಿಚ್ಚಿದರೆ ಏನೂ ಹಾಳಾಗುವುದಿಲ್ಲ.

ಒಂದು ವಿಡಿಯೋನೂ ಕೇಳಿ. ಕೀ ಕೊಡುವುದರಿಂದ ಹಿಡಿದು ಒಂದು ಮಗ್ಗಲು ಪೂರ್ತಿ ಮುಗಿಯುವವರೆಗೆ, ನಡುವೆ ಕತ್ತರಿಸದೆ. ಹತ್ತಿಂಚಿನ ತಟ್ಟೆಯ ಒಂದು ಮಗ್ಗಲು ಸುಮಾರು ಮೂರು ನಿಮಿಷ. ಕೊನೆಯ ಅರ್ಧ ನಿಮಿಷದಲ್ಲಿ ಹಾಡು ನಿಧಾನವಾಗಿ ದನಿ ಇಳಿದರೆ ಮೋಟಾರಿಗೆ ಕೆಲಸವಿದೆ ಎಂದರ್ಥ. ವಿಡಿಯೋದಲ್ಲಿ ಏನನ್ನು ಹಾಕಿದ್ದಾರೆ ಅಂತಲೂ ನೋಡಿ. ಎಷ್ಟೋ ಕಡೆ ಪ್ಲಾಸ್ಟಿಕ್ಕಿನ ಎಲ್‌ಪಿ ತಟ್ಟೆ ಹಾಕಿ ತೋರಿಸುತ್ತಾರೆ. ಉಕ್ಕಿನ ಮುಳ್ಳು, ಅಷ್ಟು ಭಾರದ ಸೌಂಡ್ ಬಾಕ್ಸು ಎಲ್‌ಪಿಯನ್ನು ಒಂದೇ ಸಲಕ್ಕೆ ಕೆತ್ತಿ ಹಾಕುತ್ತವೆ. ಗ್ರಾಮಾಫೋನಿಗೆ ಅರಗಿನ ತಟ್ಟೆಯೇ ಬೇಕು, ಅದೂ ಪ್ರತಿ ಮಗ್ಗಲಿಗೆ ಹೊಸ ಮುಳ್ಳು ಹಾಕಿ. ಇಷ್ಟೂ ಗೊತ್ತಿಲ್ಲದವರು ಯಂತ್ರದ ವಯಸ್ಸಿನ ಬಗ್ಗೆ ಹೇಳಿದ್ದನ್ನು ಹೇಗೆ ನಂಬುವುದು?

ಅದೇ ಮಾರಾಟಗಾರರ ಬೇರೆ ಮಾಲುಗಳನ್ನೂ ತೆರೆದು ನೋಡಿ. ನೂರು ವರ್ಷದ 'ಅಪರೂಪದ' ಗ್ರಾಮಾಫೋನು ಒಂದೇ ಅಂಗಡಿಯಲ್ಲಿ ಹನ್ನೆರಡು ಇದ್ದು, ಎಲ್ಲಕ್ಕೂ ಒಂದೇ ಅಳತೆಯ ಹಾರ್ನು ಇದ್ದರೆ ಅವು ಒಂದೇ ಕಾರ್ಖಾನೆಯ ಮಕ್ಕಳು. ವಿವರಣೆಯ ಕೊನೆಯಲ್ಲಿ 'ಆಂಟಿಕ್ ಸ್ಟೈಲ್', 'ವಿಂಟೇಜ್ ಲುಕ್' ಎಂಬ ಮಾತು ಸಣ್ಣಕ್ಷರದಲ್ಲಿ ಅಡಗಿರುತ್ತದೆ. ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದು ಅದರ ಪಕ್ಕದಲ್ಲೇ ಇರುತ್ತದೆ. ಎರಡನ್ನೂ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಅಜ್ಜನ ಕಾಲದ ತಟ್ಟೆಗಳು ಮನೆಯಲ್ಲಿವೆ, ಅವನ್ನು ಕೇಳಬೇಕು ಎಂದರೆ ಕಣ್ಣು ಮುಚ್ಚಿ ಪೋರ್ಟಬಲ್ ಕಡೆ ಹೋಗಿ. ಮೊದಲ ಸಲ ಕೊಳ್ಳುವವರಿಗೂ ನನ್ನ ಮಾತು ಇದೇ. ಹಾರ್ನ್ ಯಂತ್ರವೇ ಬೇಕು ಎಂಬ ಆಸೆ ಇದ್ದರೆ ಅವಸರ ಬೇಡ. ಮೊದಲು ನಾಲ್ಕಾರು ಅಸಲಿ ಯಂತ್ರಗಳನ್ನು ಮುಟ್ಟಿ ನೋಡಿ, ಆಮೇಲೆ ಪರಿಚಯದ ಸಂಗ್ರಾಹಕರಿಂದ ಕೊಳ್ಳಿ. ಅಮೆರಿಕದಲ್ಲಿ ನೆಂಟರಿದ್ದರೆ ಇನ್ನೊಂದು ದಾರಿ ಇದೆ. ವಿಕ್ಟರ್ ಕಂಪನಿ ನ್ಯೂಜೆರ್ಸಿಯ ಕ್ಯಾಮ್ಡೆನ್ನಿನಲ್ಲಿ ಇತ್ತು, ಅಸಲಿ ವಿಕ್ಟರ್ ಹಾರ್ನ್ ಯಂತ್ರಗಳು ಆ ಕಡೆ ಈಗಲೂ ಮಾರಾಟಕ್ಕೆ ಬರುತ್ತವೆ. ಬೆಲೆ ಜಾಸ್ತಿ, ತರಿಸುವುದು ಕಷ್ಟ, ಆದರೆ ವಸ್ತು ನಿಜ.

ಮದುವೆ ಮಂಟಪಕ್ಕೆ, ಹೋಟೆಲಿನ ಮೂಲೆಗೆ, ಫೋಟೋಗೆ ಹಾರ್ನು ಬೇಕು ಅಂದರೆ ಹೊಸ ಪ್ರತಿಕೃತಿಯನ್ನೇ ಹೊಸದರ ಬೆಲೆಗೆ ಕೊಳ್ಳಿ. ಒಂದು ಮಾತು ಕೇಳಿಕೊಳ್ಳುತ್ತೇನೆ: ಅದರೊಳಗೆ ಹಳೇ ಮೋಟಾರು ಬೇಡ ಎನ್ನಿ. ಸುಮ್ನೆ ನಿಲ್ಲುವ ವಸ್ತುವಿಗೆ ಹಾಡುವ ಯಂತ್ರವನ್ನು ಬಲಿ ಕೊಡುವುದು ಬೇಡ.

ನನ್ನ ಎಂಟು ಮೂಲೆಯ ಪೆಟ್ಟಿಗೆಯನ್ನು ಆಮೇಲೆ ಹಳೇ ರೇಡಿಯೋ, ಗ್ರಾಮಾಫೋನ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ತೆಗೆದುಕೊಂಡು ಹೋದೆ. ಅವರು ಹಾರ್ನನ್ನು ನೋಡಲೂ ಇಲ್ಲ. ಹಲಗೆ ಎತ್ತಿ ಮೋಟಾರನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಆಮೇಲೆ ಅಟ್ಟದಿಂದ ಮೋಟಾರಿಲ್ಲದ ಒಂದು ಖಾಲಿ ಪೋರ್ಟಬಲ್ ಪೆಟ್ಟಿಗೆ ಇಳಿಸಿ, ಅದರ ಮೇಲೆ ಇಟ್ಟು ನೋಡಿದರು. ಖಾಲಿ ಉಳಿದಿದ್ದ ಆ ಮೂರು ತೂತಿಗೆ ಹಲಗೆಯ ಮೂರು ಸ್ಕ್ರೂ ಸರಿಯಾಗಿ ಕೂತವು. 'ಮನೆಗೆ ಬಂತು ನೋಡಿ' ಎಂದರು. ಸಂಜೆಯ ಹೊತ್ತಿಗೆ ಅದು ಹಾಡುತ್ತಿತ್ತು.